ಸೊಂಟದ ದಾರ

ಮೊದಲು ಗೊತ್ತಾದದ್ದು ದಾರಕ್ಕೆ.
ಹದಿನಾಲ್ಕು ವರ್ಷ ಒಂದೇ ಅಳತೆಗೆ ಕೂತಿದ್ದ
ಹಳದಿ ನೀಲಿ ಗಾಜಿನ ಮಣಿಸರ
ಒಂದು ಬೆಳಗ್ಗೆ ಮೀಯುವಾಗ ಪಟ್ಟನೆ ಹರಿದು
ಬಚ್ಚಲ ತುಂಬ ಉರುಳಿದವಂತೆ ಮಣಿಗಳು.
"ಆರಿಸಿ ಎಣಿಸಿದೆ, ಏಳು ಕಮ್ಮಿ" ಎಂದಳು ಪೊಕುವಾ,
ಹೊಟ್ಟೆಯ ಮೇಲಿನ ಬಟ್ಟೆ ಸರಿಸುತ್ತ,
ಒಳಗೆಲ್ಲೋ ಬಿದ್ದಿರಬೇಕು, ಹುಡುಕಿಕೊಡು ಎಂಬಂತೆ.

ಕುಮಾಸಿಯ ಈ ಕೋಣೆಯಲ್ಲಿ ನನ್ನ ಕೆಲಸ ಅದೇ ತಾನೆ:
ತಣ್ಣನೆ ಜೆಲ್ ಸುರಿದು, ಒತ್ತಿ, ಹುಡುಕುವುದು.
ದಿನಕ್ಕೆ ಇಪ್ಪತ್ತು ಹೊಟ್ಟೆ, ಕರೆಂಟು ಇದ್ದರೆ.
ಪರದೆಯ ಬೂದು ಧೂಳಿನೊಳಗೆ
ಒಬ್ಬಳಿಗೆ ಮಗುವಿನ ಹಿಮ್ಮಡಿ ಕಾಣುತ್ತದೆ,
ಇನ್ನೊಬ್ಬಳಿಗೆ ಇದು.
ದುಂಡಗೆ, ಉಂಡೆ ಕಟ್ಟಿದ ಕತ್ತಲೆ.

ಡಾಕ್ಟರಿಗೆ ಹಣ್ಣಿನ ಭಾಷೆ ಇಷ್ಟ.
ನಿಂಬೆಯಷ್ಟಿದೆ, ದೊಡ್ಡದು ಕಿತ್ತಳೆಯಷ್ಟು ಎಂದರಂತೆ.
ಇವಳೋ ಕೆಜೇಟಿಯಾ ಸಂತೆಯ ಕಿತ್ತಳೆಯವಳು,
ಕೇಳಿಯೇಬಿಟ್ಟಳು ನನ್ನನ್ನು: "ಯಾವ ಕಿತ್ತಳೆ?
ರಾಶಿಯಲ್ಲಿ ಸುರಿಯುವುದೋ, ಆರಿಸಿ ಮೇಲಿಡುವುದೋ?"
ಮೇಲಿಡುವುದು, ಎಂದೆ.
ನಕ್ಕಳು. ಪರದೆಯೂ ಕುಲುಕಿತು.
ಅಲುಗಬೇಡ ತಾಯಿ, ಅಳೆಯುತ್ತಿದ್ದೇನೆ.

ತಿಂಗಳಿಗೆ ಒಂಬತ್ತು ದಿನ ಮುಟ್ಟು.
ಸಂತೆಗೆ ಕಪ್ಪು ಬಟ್ಟೆಯೇ, ಅದೂ ಎರಡು ಸುತ್ತು;
ಎದ್ದ ಮೇಲೆ ಸ್ಟೂಲನ್ನೊಮ್ಮೆ ತಿರುಗಿ ನೋಡುವ ಚಾಳಿ.
ಗಳಿಗೆಗೊಮ್ಮೆ ಉಚ್ಚೆಗೆ ಓಟ, ಓಡಿದಷ್ಟು ಸಲವೂ
ಬಾಗಿಲಲ್ಲಿ ಕೂತವನಿಗೆ ಚಿಲ್ಲರೆ.
"ನನ್ನ ಲಾಭವೆಲ್ಲ ಅವನ ಡಬ್ಬಿಗೆ."
ಕಣ್ಣ ಕೆಳರೆಪ್ಪೆ ಎಳೆದು ನೋಡಿದೆ,
ತೊಳೆದ ಅಕ್ಕಿಯ ಬಣ್ಣ.

ಯಾಕೆ ನನಗೇ, ಎಂದಳು.
ಅತ್ತೆಯ ಪ್ರಕಾರ ಹೆರದವಳಿಗೆ ಬರುವ ಶಿಕ್ಷೆ.
ಅಕ್ಕ ಡುಫಿಯೆ ನಾಲ್ಕು ಹೆತ್ತಳಲ್ಲ, ಅವಳಿಗೂ ಇದೆಯಲ್ಲ?
ಪಾದ್ರಿ ಎಣ್ಣೆ ಹಚ್ಚಿದರು. ನಾಟಿ ವೈದ್ಯ
ಕಹಿ ಬಾಟಲಿ ಕೊಟ್ಟ, ಕುಡಿದಳು, ವಾಂತಿ.

ನಾನು ಓದಿದ್ದನ್ನು ಹೇಳಿದೆ, ಓದಿದಷ್ಟು.
ನಮ್ಮ ಮೈಬಣ್ಣದವರಿಗೆ ಹೆಚ್ಚು, ಬೇಗ, ದೊಡ್ಡದಾಗಿ;
ಇಲ್ಲಿಯ ತೀರದಿಂದ ಹಡಗಿಗೆ ತುಂಬಿಸಿಕೊಂಡು ಹೋದವರ
ಮೊಮ್ಮಕ್ಕಳ ಮೊಮ್ಮಕ್ಕಳಿಗೂ, ಆಚೆ ದಡದಲ್ಲಿ.
ತಾಯಿಗೆ, ಅಕ್ಕನಿಗೆ ಇದ್ದರೆ. ಬೇಗ ಮೈನೆರೆದಿದ್ದರೆ.
ಮೈ ತುಂಬಿದ್ದರೆ. ಹೆರದಿರುವುದೂ ಒಂದು ಲೆಕ್ಕವೇ,
ಆದರೆ ಅತ್ತೆ ಹೇಳುವ ಲೆಕ್ಕ ಬೇರೆ.
ತಕ್ಕಡಿಯ ತಟ್ಟೆಗೆ ಯಾರೋ ಕಿರುಬೆರಳು ಒತ್ತಿರುತ್ತಾರಲ್ಲ,
ಗಿರಾಕಿಗೆ ಕಾಣದ ಹಾಗೆ, ಅಷ್ಟು ಭಾರ.
"ಬೆರಳು ಯಾರದು?"
ಪುಸ್ತಕ ಅಲ್ಲಿ ತೊದಲುತ್ತದೆ ಪೊಕುವಾ.

ಅದು ನಿನ್ನದೇ ಮಾಂಸ, ಎಂದೆ.
ಗರ್ಭಕೋಶದ ಗೋಡೆಯ ಒಂದು ಕಣ
ನಿಲ್ಲಿಸುವುದನ್ನು ಮರೆತು ಹೆಣೆಯುತ್ತ ಹೋಯಿತು.
ಕ್ಯಾನ್ಸರ್ ಆಗುವುದು ತೀರ ಅಪರೂಪ.
ಮುಟ್ಟು ನಿಂತ ಮೇಲೆ ತಾನಾಗಿ ಬಾಡುತ್ತದೆ.
ಬೆರಳು ಮಡಿಸಿದಳು. ಈಗ ಮೂವತ್ತಾರು.
"ಅಷ್ಟರಲ್ಲಿ ಕಲ್ಲಂಗಡಿ ಆಗಿರುತ್ತೆ."
ಅದಕ್ಕೇ ಡಾಕ್ಟರ್ ಇರುವುದು, ಗುಳಿಗೆ, ಕತ್ತರಿ,
ಕೋಶ ಉಳಿಸಿ ಗಡ್ಡೆ ಮಾತ್ರ ತೆಗೆಯುವುದೂ ಉಂಟು.
ಮೊದಲು ರಕ್ತ ಏರಲಿ.

ಒಟ್ಟು ಎಷ್ಟು?
ಐದು.
"ಇನ್ನೆರಡು?" ಎಂದು ಕಣ್ಣು ಮಿಟುಕಿಸಿದಳು, ಮಣಿಯ ನೆನಪಲ್ಲಿ.

ಹೋದ ಜೂನಿನ ಒಂದು ಸಂಜೆ ಬಾಗಿಲು ಹಾಕಿ
ನನ್ನ ಹೊಟ್ಟೆಗೆ ನಾನೇ ಜೆಲ್ ಸುರಿದುಕೊಂಡಿದ್ದೆ.
ಪುಟ್ಟವು, ನೋವಿಲ್ಲ, ಸದ್ದಿಲ್ಲ.
ಅಮ್ಮನಿಗೆ ಇದ್ದವೋ ಏನೋ. ಅವಳೂ ಕಪ್ಪೇ ಉಡುತ್ತಿದ್ದಳು.

ಏನೂ ಹೇಳದೆ ಹೊಟ್ಟೆ ಒರೆಸಲು ಕಾಗದ ಕೊಟ್ಟೆ.
ಹೊಸ ದಾರ ಉದ್ದಕ್ಕೆ ಪೋಣಿಸಿಕೊಂಡೆಯಾ?
"ಇಲ್ಲ, ಹಳೆಯ ಅಳತೆಗೇ.
ಮೊಳೆಗೆ ನೇತುಹಾಕಿದ್ದೇನೆ, ಕನ್ನಡಿ ಪಕ್ಕ."
ಚೀಲದಿಂದ ಕಿತ್ತಳೆ ತೆಗೆದು ಮೇಜಿನ ಮೇಲಿಟ್ಟಳು,
ಒತ್ತಿ ನೋಡಿ, ಅದನ್ನು ಬಿಟ್ಟು ಬೇರೊಂದನ್ನು ಇಟ್ಟಳು.